ಕಿಟಕಿಯಾಚೆಯ ತಾಳ

ನಿನ್ನೆ ರಾತ್ರಿ ನಿದ್ದೆ ಬಾರದೆ ಕೆಮಿಕಲ್ ಬ್ರದರ್ಸ್ ಎಂಬ ಬ್ರಿಟಿಷ್ ಸಂಗೀತ ಜೋಡಿಯ ‘ಸ್ಟಾರ್ ಗಿಟಾರ್’ ಹಾಡಿನ ವಿಡಿಯೊವನ್ನು ಮತ್ತೆ ಹಾಕಿಕೊಂಡೆ. 2002ರದು, ನಿರ್ದೇಶಕ ಮಿಶೆಲ್ ಗಾಂಡ್ರಿ. ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ವಿಡಿಯೊ ಎಂದರೆ ಲೇಸರ್ ಬೆಳಕು, ಕಡಲತೀರ, ಕೈ ಮೇಲೆತ್ತಿ ಕುಣಿಯುವ ಸಾವಿರಾರು ಜನ. ಇಲ್ಲಿ ಅದೊಂದೂ ಇಲ್ಲ. ದಕ್ಷಿಣ ಫ್ರಾನ್ಸಿನಲ್ಲಿ ಓಡುವ ಒಂದು ರೈಲು, ಅದರ ಕಿಟಕಿ, ಅಷ್ಟೆ.

ಸ್ವಲ್ಪ ಹೊತ್ತು ದಿಟ್ಟಿಸಿದರೆ ಗುಟ್ಟು ತಿಳಿಯುತ್ತದೆ: ಡ್ರಮ್ಮಿನ ಏಟು ಬಿದ್ದಾಗ ಒಂದು ಕಂಬ ಸರ್ರನೆ ಹಾದುಹೋಗುತ್ತದೆ, ಹೊಸ ನಾದ ಸೇರಿದಾಗ ಹೊಸ ಕಟ್ಟಡ ಬರುತ್ತದೆ. ಗಾಂಡ್ರಿ ಇದರ ಲೆಕ್ಕವನ್ನು ಮೊದಲು ಕಿತ್ತಳೆ ಹಣ್ಣು, ಫೋರ್ಕು, ಲೋಟ, ಪುಸ್ತಕಗಳನ್ನು ಸಾಲಾಗಿ ಜೋಡಿಸಿ ಹಾಕಿದ್ದರಂತೆ! ಆಮೇಲೆ ದಿನದ ಬೇರೆ ಬೇರೆ ಹೊತ್ತಿನಲ್ಲಿ ಅದೇ ಹಾದಿಯನ್ನು ಚಿತ್ರೀಕರಿಸಿ ಕಂಪ್ಯೂಟರಿನಲ್ಲಿ ಹೆಣೆದರು.

ಕುಣಿಯುವ ಗುಂಪಿನ ವಿಡಿಯೊಗಳು ಆ ಗುಂಪಿನಲ್ಲಿ ಇರಬೇಕೆಂದು ಆಸೆಪಡುವವರಿಗೆ. ಇದು ಒಬ್ಬರೇ ಕುಳಿತು ನೋಡುವವರಿಗೆ. ಜನಜಂಗುಳಿ ಕಂಡರೆ ಹಿಂಜರಿಯುವ ನನಗೆ ಈ ಸಂಗೀತ ಕಿಟಕಿ ಪಕ್ಕದ ಸೀಟನ್ನೇ ಕೊಟ್ಟಿತು.

ಮೂರನೆಯ ಸಲ ನೋಡುವಾಗ ಅಮ್ಮ ಪಕ್ಕದಲ್ಲಿ ಬಂದು ಕುಳಿತಳು. “ಕಂಬಗಳು ತಾಳ ಹಾಕುತ್ತಿವೆಯಲ್ಲೇ” ಎಂದಳು. ನಾನು ಏನನ್ನೂ ಹೇಳಿರಲಿಲ್ಲ.