ಎಷ್ಟಕ್ಕೆ ಹೋಗುತ್ತೆ ಅಂತ ಕೇಳೋರಿಗೆಲ್ಲ

ನಾನು ಬಳಸಿದ ಬಟ್ಟೆಗಳನ್ನ ಆನ್‌ಲೈನಲ್ಲಿ ಮಾರ್ತೀನಿ ಅಂತ ಗೊತ್ತಾದ ಮೇಲೆ ಜನ ಕೇಳೋದು ಒಂದೇ ಪ್ರಶ್ನೆ. "ನಮ್ಮನೇಲೂ ಸುಮಾರು ಬಟ್ಟೆ ಸುಮ್ನೆ ಬಿದ್ದಿದೆ, ಮಾರೋಣ ಅಂತಿದೀನಿ, ಎಷ್ಟಕ್ಕೆ ಹೋಗುತ್ತೆ?" ಫೋನಲ್ಲಿ ಕೇಳ್ತಾರೆ, ಲಿಫ್ಟಲ್ಲಿ ಕೇಳ್ತಾರೆ, ಹಲ್ಲು ತೋರಿಸೋಕೆ ಬಾಯಿ ತೆಗೆದು ಕೂತಿದ್ದಾಗ ಡಾಕ್ಟರೇ ಕೇಳಿದಾರೆ, ಅವತ್ತು ಉತ್ತರ ಹೇಳೋ ಸ್ಥಿತೀಲಿ ಇರ್ಲಿಲ್ಲ, ಬಚಾವಾದೆ. ಮೊದಮೊದಲು ಕೂರಿಸ್ಕೊಂಡು ಹೇಳ್ತಿದ್ದೆ. ಈಗ ಬರೆದಿಡ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸಿ ಸುಮ್ಮನಾಗ್ತೀನಿ. ಮುಖ ನೋಡ್ಕೊಂಡು ಹೇಳೋಕಾಗದ ಒಂದೆರಡು ಮಾತೂ ಇದಾವೆ, ಅವೂ ಬರ್ತವೆ, ಬೇಜಾರಾದ್ರೆ ಆಗ್ಲಿ.

ಮೊದಲು ಆ "ಸುಮ್ನೆ ಬಿದ್ದಿದೆ" ವಿಷಯ. ಬೀರು ಒಳಗೆ ವರ್ಷಗಟ್ಟಲೆ ಮುಚ್ಚಿಟ್ಟ ಬಟ್ಟೆ ಸುಮ್ನೆ ಇರಲ್ಲ ಕಣ್ರೀ. ಲೆದರ್ ತರ ಕಾಣೋ ಜಾಕೆಟ್ ಇರುತ್ತಲ್ಲ, ನಿಜವಾದ ಚರ್ಮ ಅಲ್ಲ, ಬಟ್ಟೆ ಮೇಲೆ ಪಾಲಿಯುರಿಥೇನ್ ಅನ್ನೋ ಪ್ಲಾಸ್ಟಿಕ್ ಲೇಪ ಮಾಡಿದ್ದು, ಅದು ಗಾಳೀಲಿರೋ ತೇವಕ್ಕೇ ಒಳಗೊಳಗೆ ಒಡೀತಾ ಹೋಗುತ್ತೆ. ನೀವು ಹಾಕದೇ ಇದ್ರೂ ಸಿಪ್ಪೆ ಏಳುತ್ತೆ. ಒಂದು ದಿನ ತೆಗೆದು ಕೊಡವಿದ್ರೆ ಕಾಲರ್ ಹತ್ರ ಕರೀ ಹೊಟ್ಟು ಉದುರುತ್ತೆ, ಅದಕ್ಕೆ ರಿಪೇರಿ ಇಲ್ಲ. ಸ್ಟ್ರೆಚ್ ಜೀನ್ಸಲ್ಲಿ ಎಳೆದ್ರೆ ಹಿಗ್ಗೋ ನೂಲಿರುತ್ತಲ್ಲ, ಇಲಾಸ್ಟೇನು, ಅದೂ ಅಷ್ಟೇ, ಬಿಸಿ ಮತ್ತು ಕ್ಲೋರಿನ್‌ಗೆ ಸತ್ತು ಹೋಗುತ್ತೆ, ಮೊಣಕಾಲ ಹತ್ರ ಎಳೆದು ಬಿಟ್ರೆ ವಾಪಸ್ ಬರದೆ ಹಂಗೇ ಜೋತು ಬೀಳುತ್ತೆ. ಉಣ್ಣೆ ಸ್ವೆಟರ್ ಹುಳ ತಿನ್ನುತ್ತೆ ಅಂತ ನುಸಿ ಗುಳಿಗೆ ಹಾಕಿಟ್ಟಿರ್ತೀರ, ಹುಳ ಬರಲ್ಲ ಸರಿ, ಆದ್ರೆ ಆ ವಾಸನೆ ಹೋಗ್ಸೋಕೆ ದಿನಗಟ್ಟಲೆ ಗಾಳಿಗೆ ಹಾಕ್ಬೇಕು. ಹಾಗಾಗಿ "ಹೊಸದೇ, ಹಾಕೇ ಇಲ್ಲ" ಅಂದ ತಕ್ಷಣ ನಾನು ಖುಷಿ ಪಡಲ್ಲ.

ಇನ್ನು ಎಷ್ಟಕ್ಕೆ ಹೋಗುತ್ತೆ. ಉತ್ತರ ತುಂಬಾ ಚಿಕ್ಕದು, ಅದಕ್ಕೇ ಯಾರಿಗೂ ಸಮಾಧಾನ ಆಗಲ್ಲ. ಅದೇ ತರದ ಬಟ್ಟೆ, ಅದೇ ಬ್ರ್ಯಾಂಡು, ಅದೇ ಸ್ಥಿತೀಲಿರೋದು ಈಚೆಗೆ ಎಷ್ಟಕ್ಕೆ ಮಾರಾಟ ಆಗಿದೆಯೋ ಹೆಚ್ಚುಕಮ್ಮಿ ಅಷ್ಟಕ್ಕೆ. ಮಾರಾಟ ಆಗಿರೋದು ಅಂದೆ, ಮಾರಾಟಕ್ಕೆ ಇಟ್ಟಿರೋದು ಅನ್ನಲಿಲ್ಲ. ಇಬೇ ಅನ್ನೋ ಮಾರಾಟದ ಸೈಟಲ್ಲಿ ಸೋಲ್ಡ್ ಐಟಮ್ಸ್ ಅಂತ ಒಂದು ಫಿಲ್ಟರ್ ಇದೆ, ಅದನ್ನ ಒತ್ತಿದ್ರೆ ನಿಜವಾಗ್ಲೂ ಕೈ ಬದಲಾಗಿರೋ ಮಾಲು ಮಾತ್ರ ಕಾಣುತ್ತೆ. ಜನ ಅದನ್ನ ನೋಡಲ್ಲ, ಯಾರೋ ಆಕಾಶಕ್ಕೆ ರೇಟು ಕಟ್ಟಿ ಎಂಟು ತಿಂಗಳಿಂದ ಹಂಗೇ ಕೂತಿರೋ ಲಿಸ್ಟಿಂಗ್ ತೋರಿಸಿ "ನೋಡಿ, ಇಷ್ಟಿದೆ" ಅಂತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ನೀವು ಅಂಗಡೀಲಿ ಎಷ್ಟು ಕೊಟ್ರಿ ಅನ್ನೋದು ಕೊಳ್ಳೋರಿಗೆ ಬೇಕಾಗಿಲ್ಲ, ಮೊದಲ ಸಂಬಳದಲ್ಲಿ ತಗೊಂಡಿದ್ದು ಅನ್ನೋದಂತೂ ಬೇಕಾಗೇ ಇಲ್ಲ. ಅದನ್ನ ವಿವರಣೇಲಿ ಬರೆಯೋರಿದಾರೆ, ಬೇಡ.

ವಿಂಟೇಜ್, ಅಂದ್ರೆ ಹಳೇ ಕಾಲದ್ದು ಅಂತ ಸೇರಿಸಿದ್ರೆ ರೇಟು ಬರುತ್ತಾ ಅಂತಾನೂ ಕೇಳ್ತಾರೆ. ಎಟ್ಸಿ ಅನ್ನೋ ಮಾರಾಟದ ಸೈಟಲ್ಲಿ ಹಂಗೆ ಕರೀಬೇಕು ಅಂದ್ರೆ ಕನಿಷ್ಠ 20 ವರ್ಷ ಹಳೇದಾಗಿರಬೇಕು. ಹೋದ್ ವರ್ಷ ತಗೊಂಡು ಬೇಜಾರಾಗಿದ್ದು ವಿಂಟೇಜ್ ಅಲ್ಲ.

ಈಗ ಒಂದು ಘಟನೆ ಹೇಳ್ತೀನಿ, ಯಾಕಂದ್ರೆ ನಾನು ಈ ಪ್ರಶ್ನೆಗೆ ಸಿಡುಕೋಕೆ ಶುರು ಮಾಡಿದ್ದೇ ಅವತ್ತಿಂದ. ಗೆಳತಿ ಮನೆಗೆ ಹೋಗಿದ್ದೆ, ಅವಳ ಅತ್ತೆ ಒಳಗಿಂದ ಒಂದು ಕಪ್ಪು ಕೋಟು ತಂದು ನನ್ನ ಮಡಿಲಿಗೆ ಹಾಕಿದ್ರು. "ಒಂದೇ ಸಲ ಹಾಕಿರೋದು ಕಣಮ್ಮ, ಎಷ್ಟಕ್ಕೆ ಹೋಗುತ್ತೆ ಹೇಳು." ನಾನು ಅಭ್ಯಾಸಬಲದಿಂದ ಕೋಟನ್ನ ಒಳಗಿಂದ ಹೊರಗೆ ತಿರುಗಿಸಿ ಕಂಕುಳಿನ ಜಾಗಕ್ಕೆ ಮೂಗು ಹಿಡಿದೆ. ಮನೇಲಿದ್ದೋರೆಲ್ಲ ಟಿವಿ ಬಿಟ್ಟು ನನ್ನೇ ನೋಡ್ತಿದ್ರು. ನಾಚಿಕೆ ಏನಿಲ್ಲ, ಇದು ನನ್ನ ಕೆಲಸ. ಕಾಲರ್ ಒಳಪಟ್ಟಿ ಮೇಲೆ ಫೌಂಡೇಶನ್ ಹತ್ತಿ ಹತ್ತಿ ಒಂದು ಮಣ್ಣು ಬಣ್ಣದ ಗೆರೆ. ಎಡಗಡೆ ತೋಳಿನ ಬುಡದಲ್ಲಿ ಲೈನಿಂಗ್ ಹೊಲಿಗೆ ಬಿಟ್ಟು ಎರಡು ಬೆರಳು ತೂರೋಷ್ಟು ಬಾಯಿ. ಬಲಗಡೆ ಜೇಬಲ್ಲಿ ಕೆಮ್ಮಿನ ಮಾತ್ರೆ ಕಾಗದ ಮೂರು, ಬೇರೆ ಬೇರೆ ಬಣ್ಣದ್ದು. ಕೆಳಗಿಂದ ಎರಡನೇ ಗುಂಡಿಯ ದಾರ ಮಾತ್ರ ನೀಲಿ, ಉಳಿದಿದ್ದೆಲ್ಲ ಕಪ್ಪು. ಒಂದೇ ಸಲ ಹಾಕಿದ ಕೋಟು ಇಷ್ಟೆಲ್ಲ ಮಾಡ್ಕೊಂಡು ಬರುತ್ತಾ? ನಾನು ಬಾಯಿಬಿಟ್ಟು ಹಂಗೆ ಕೇಳಲಿಲ್ಲ, ಲೈನಿಂಗ್ ಮಾತ್ರ ತೋರಿಸಿದೆ. ಅದಕ್ಕೆ ಅವರು, "ಅದು ಒಳಗಡೆ ತಾನೇ, ಕಾಣಲ್ಲ ಬಿಡು" ಅಂದ್ರು.

ಕಾಣಲ್ಲ ಬಿಡು! ಅಲ್ಲಿಂದ ಬರೋವಾಗ ಪೂರ್ತಿ ದಾರಿ ಅದೇ ಕೊರೀತಿತ್ತು. ಅಂಗಡೀಲಾದ್ರೆ ಕಾಣದಿದ್ರೂ ಕೈಗೆ ಸಿಗುತ್ತೆ, ಮುಟ್ಟಿ ನೋಡ್ತಾರೆ, ತೋಳು ತೂರಿಸಿ ನೋಡ್ತಾರೆ, ಮೂಸಿ ನೋಡ್ತಾರೆ. ಫೋನಲ್ಲಿ ನೋಡೋರಿಗೆ ನೀವು ತೋರಿಸಿದ್ದು ಬಿಟ್ಟು ಬೇರೇನೂ ಇಲ್ಲ. ಅವರ ಕೈ, ಮೂಗು ಎರಡೂ ನೀವೇ ಆಗ್ಬೇಕು. ಹಂಗಾಗಿ ನನ್ನ ಹತ್ರ ಕೇಳಬೇಕಾದ್ದು ಎಷ್ಟಕ್ಕೆ ಹೋಗುತ್ತೆ ಅಂತಲ್ಲ, ಈ ಬಟ್ಟೇನ ನೋಡೋದು ಹೆಂಗೆ ಅಂತ. ಅದನ್ನ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಯಾರೂ ಕೇಳದಿದ್ರೂ ಹೇಳ್ತೀನಿ.

ಹಗಲು ಹೊತ್ತು, ಕಿಟಕಿ ಹತ್ರ. ಮೊದಲು ಬಟ್ಟೇನ ಬೆಳಕಿಗೆ ಅಡ್ಡ ಹಿಡೀರಿ, ಹುಳ ತಿಂದ ತೂತು, ಸವೆದ ಜಾಗ ಎಲ್ಲ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ, ಮೇಜಿನ ಮೇಲಿಟ್ರೆ ಕಾಣಲ್ಲ. ಆಮೇಲೆ ಒಳಗಡೆ ಹೊರಗೆ ಮಾಡಿ. ಕಂಕುಳು, ಕಾಲರ್, ಕಫ್, ಪ್ಯಾಂಟಾದ್ರೆ ತೊಡೆ ಸೇರೋ ಜಾಗ ಮತ್ತು ಕೆಳಗಿನ ಅಂಚು, ಬಟ್ಟೆ ಸಾಯೋದು ಇಲ್ಲೇ. ಜಿಪ್ಪನ್ನ ಪೂರ್ತಿ ಎಳೆದು ನೋಡಿ, ಅರ್ಧಕ್ಕೆ ನಿಲ್ಲಿಸಬೇಡಿ. ಗುಂಡಿ ಎಲ್ಲಾ ಒಂದೇ ತರ ಇದೆಯಾ, ಕಾಜಾ ಹರಿದಿದೆಯಾ. ಎಲ್ಲಾ ಜೇಬಿಗೂ ಕೈ ಹಾಕಿ, ಪರ್ಸಲ್ಲಿರಬೇಕಾದ್ದೆಲ್ಲ ಜೇಬಲ್ಲಿ ಸಿಗುತ್ತೆ.

ಬಿಳೀ ಅಂಗಿ ಕಂಕುಳಲ್ಲಿ ಹಳದಿ ಕಲೆ ಇದ್ದೇ ಇರುತ್ತೆ. ಬೆವರು ಒಂದೇ ಅದಕ್ಕೆ ಕಾರಣ ಅಲ್ಲ, ಬೆವರು ತಡೆಯೋಕೆ ಹಚ್ಚೋ ಆಂಟಿಪರ್ಸ್ಪಿರಂಟಲ್ಲಿರೋ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿ ಆಗೋದು. ಜನ ನೇರ ಕ್ಲೋರಿನ್ ಬ್ಲೀಚ್ ಸುರೀತಾರೆ, ಅದು ಇನ್ನೂ ಹಳದಿಯಾಗುತ್ತೆ. ಉಣ್ಣೆ, ರೇಷ್ಮೆಗಂತೂ ಆ ಬ್ಲೀಚ್ ತಾಗಿಸ್ಲೇಬಾರದು, ನೂಲೇ ಕರಗುತ್ತೆ. ರಕ್ತದ ಕಲೆಗೆ ತಣ್ಣೀರು ಮಾತ್ರ, ಬಿಸಿನೀರು ಹಾಕಿದ್ರೋ ಅದು ಅಲ್ಲೇ ಬೇರು ಬಿಡುತ್ತೆ. ಉಗುರು ಬಣ್ಣ ಬಿದ್ದಿದೆ ಅಂತ ರಿಮೂವರ್ ಹಚ್ಚೋ ಮೊದಲು ಲೇಬಲ್ ಓದಿ, ಅಸಿಟೇಟ್ ಅನ್ನೋ ನೂಲಿನದ್ದು ಅಂತಿದ್ರೆ ರಿಮೂವರಲ್ಲಿರೋ ಅಸಿಟೋನಿಗೆ ಬಟ್ಟೇನೇ ಕರಗಿ ತೂತು ಬೀಳುತ್ತೆ. ಸ್ವೆಟರ್ ಮೇಲೆ ಏಳೋ ಸಣ್ಣ ಸಣ್ಣ ಉಂಡೆಗಳನ್ನ ತೆಗೆಯೋಕೆ ಬ್ಯಾಟರಿ ಶೇವರ್ ಬರುತ್ತೆ, ಅದೊಂದು ತಗೊಳ್ಳಿ, ನಾನು ಈ ಕೆಲಸಕ್ಕೆ ಅಂತ ತಗೊಂಡಿರೋದ್ರಲ್ಲಿ ಹಾಕಿದ ದುಡ್ಡು ವಾಪಸ್ ತಂದಿದ್ದು ಅದೊಂದೇ ಅನ್ಸುತ್ತೆ. ಟ್ರೈಪಾಡ್, ಬ್ಯಾಕ್‌ಡ್ರಾಪ್, ರಿಂಗ್ ಲೈಟು, ಇವೆಲ್ಲ ತಗೊಂಡು ಶುರು ಮಾಡೋರು ಲೈಟು ಮಾರೋದ್ರಲ್ಲಿ ಮುಗಿಸ್ತಾರೆ.

ಲೇಬಲ್ ಕಿತ್ತಿದ್ರೆ ಯಾವ ನೂಲು ಅಂತ ಗೊತ್ತಾಗಲ್ಲ. ಒಳಹೊಲಿಗೇಲಿ ಹೆಚ್ಚಾಗಿರೋ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ ಸುಟ್ಟು ನೋಡಿ. ಹತ್ತಿಯಾದ್ರೆ ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿಯಾಗುತ್ತೆ, ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟಂಗೆ ನಾರುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ಕೂರುತ್ತೆ. ಮಿಶ್ರ ನೂಲಾದ್ರೆ ಇದೂ ಕೈಕೊಡುತ್ತೆ, ಆಗ ಲೇಬಲ್ ಇಲ್ಲ ಅಂತ ಬರೆದುಬಿಡಿ. ಮಕ್ಕಳ ಕೈಲಿ ಮಾಡಿಸಬೇಡಿ ಅಂತ ಬೇರೆ ಹೇಳಬೇಕಾ?

ಸೈಜ್. ದಯವಿಟ್ಟು ಬರೀ ಎಂ ಅಂತ ಬರೆದು ಕೈತೊಳ್ಕೋಬೇಡಿ. ಒಂದು ಬ್ರ್ಯಾಂಡಿನ ಎಂ ಇನ್ನೊಂದರ ಎಲ್. ಬ್ರಿಟನ್ನಿನ 12 ಅಂದ್ರೆ ಅಮೆರಿಕದ 8, ಯುರೋಪಿನ 40, ಅದೂ ಸುಮಾರಾಗಿ. ಅಮೆರಿಕದಲ್ಲಿ 1958ರಲ್ಲಿ ಹೆಂಗಸರ ಬಟ್ಟೆಗೆಲ್ಲ ಒಂದೇ ಅಳತೆ ಇರ್ಲಿ ಅಂತ ಸರ್ಕಾರಿ ಮಾನದಂಡ ಮಾಡಿದ್ರು, 1983ರಲ್ಲಿ ಅದನ್ನ ಕೈಬಿಟ್ರು, ಅಲ್ಲಿಂದೀಚೆಗೆ ಕಂಪನಿಗಳು ಗಿರಾಕಿ ಖುಷಿಯಾಗ್ಲಿ ಅಂತ ನಂಬರ್ ಚಿಕ್ಕದು ಮಾಡ್ತಾ ಬಟ್ಟೆ ದೊಡ್ಡದು ಮಾಡ್ತಾ ಬಂದಿವೆ. ಟೇಪ್ ತಗೊಂಡು ಬಟ್ಟೇನ ನೆಲದ ಮೇಲೆ ಚಪ್ಪಟೆ ಹಾಸಿ ಅಳೀರಿ. ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ, ಭುಜದ ಹೊಲಿಗೆಯಿಂದ ಹೊಲಿಗೆಗೆ, ತೋಳು, ಒಟ್ಟು ಉದ್ದ. ಪ್ಯಾಂಟಿಗೆ ಸೊಂಟ, ಒಳಕಾಲಿನ ಉದ್ದ, ಕೆಳಗಿನ ಬಾಯಗಲ. ಚಪ್ಪಟೆ ಅಳತೆ ಅಂತ ಬರೀರಿ, ಇಲ್ಲಾಂದ್ರೆ ಎದೆ ಸುತ್ತಳತೆ 50 ಸೆಂಟಿಮೀಟರಾ, ಮಕ್ಕಳದ್ದಾ ಅಂತ ಮೆಸೇಜ್ ಬರುತ್ತೆ.

ಫೋಟೋ ಬಗ್ಗೆ ಹೆಚ್ಚು ಹೇಳಲ್ಲ. ಬಿಸಿಲು ನೇರ ಬೀಳದ ಕಿಟಕಿ ಬೆಳಕು, ಪಕ್ಕದಲ್ಲಿ ಒಂದು ಬಿಳೀ ಹಾಳೆ ಇಟ್ರೆ ಬಣ್ಣ ಸರಿಯಾಗಿ ಬಂದಿದೆಯಾ ಅಂತ ಗೊತ್ತಾಗುತ್ತೆ. ತೀರಾ ಹತ್ರ ನಿಂತು ತೆಗೆದ್ರೆ ಅಂಗಿ ಭುಜ ಉಬ್ಬಿ ಸೊಂಟ ಸಣ್ಣ ಕಾಣುತ್ತೆ, ಹಿಂದೆ ಸರಿದು ಝೂಮ್ ಮಾಡಿ. ಕಂಪನಿ ವೆಬ್‌ಸೈಟಿನ ಮಾಡೆಲ್ ಫೋಟೋ ಹಾಕೋದು ಬೇಡ, ಅದು ನಿಮ್ಮದೂ ಅಲ್ಲ, ಆ ಬಟ್ಟೆ ಈಗ ಹಂಗೂ ಇಲ್ಲ. ಕಲೆ, ತೂತು, ಬಿಟ್ಟ ಹೊಲಿಗೆ ಪ್ರತಿಯೊಂದಕ್ಕೂ ಒಂದೊಂದು ಫೋಟೋ, ಪಕ್ಕದಲ್ಲಿ ನಾಣ್ಯ ಇಟ್ಟು, ಎಷ್ಟು ದೊಡ್ಡದು ಅಂತ ತಿಳಿಯೋ ಹಾಗೆ. ಅಯ್ಯೋ ಹಂಗೆ ತೋರಿಸಿದ್ರೆ ಯಾರು ತಗೋತಾರೆ ಅಂತೀರ. ತಗೋತಾರೆ, ಆ ಕಲೆ ಪರವಾಗಿಲ್ಲ ಅನ್ನೋರು ತಗೋತಾರೆ, ಆಮೇಲೆ ವಾಪಸ್ ಕಳಿಸಲ್ಲ. ಮುಚ್ಚಿಟ್ಟು ಮಾರಿದ್ದು ಮೂರನೇ ದಿನ ಕೆಟ್ಟ ರಿವ್ಯೂ ಹೊತ್ಕೊಂಡು ಮನೆಗೆ ಬರುತ್ತೆ, ಕೊರಿಯರ್ ಖರ್ಚೂ ನಿಮ್ಮ ತಲೆ ಮೇಲೆ.

ಕೊರಿಯರ್ ಅಂದೆ, ಇದನ್ನ ಲಿಸ್ಟ್ ಮಾಡೋ ಮುಂಚೇನೇ ಲೆಕ್ಕ ಹಾಕಿ. ಎಷ್ಟೋ ಕೊರಿಯರ್‌ನೋರು ತೂಕ ಮಾತ್ರ ನೋಡಲ್ಲ, ಪೆಟ್ಟಿಗೆ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜು. 800 ಗ್ರಾಂ ಇರೋ ಉಬ್ಬು ಜಾಕೆಟ್ಟನ್ನ 40, 30, 10ರ ಡಬ್ಬೀಲಿ ಹಾಕಿದ್ರೆ 2.4 ಕೆಜಿ ಲೆಕ್ಕ. ಗಾಳಿ ಒತ್ತಿ ತೆಗೆದು ಚೀಲದಲ್ಲಿ ಕಳಿಸಿ. ಆ್ಯಪುಗಳ ಕಟ್ಟುಪಾಡೂ ಬೇರೆ ಬೇರೆ, ವಿಂಟೆಡ್‌ನಲ್ಲಿ ಮಾರೋರಿಂದ ಕಮಿಷನ್ ಹಿಡಿಯಲ್ಲ, ಕೊಳ್ಳೋರಿಂದ ಸುರಕ್ಷತಾ ಶುಲ್ಕ ತಗೋತಾರೆ, ಪೋಷ್‌ಮಾರ್ಕಲ್ಲಿ ಮಾರೋರ ದುಡ್ಡಲ್ಲೇ ಮುರ್ಕೋತಾರೆ. ಬಳಸಿದ ಒಳಉಡುಪು ಇಬೇಯಲ್ಲಿ ಮಾರೋ ಹಾಗೇ ಇಲ್ಲ, ದಯವಿಟ್ಟು ನನ್ನನ್ನ ಕೇಳ್ಬೇಡಿ, ಕೇಳಿದಾರೆ.

ದುಡ್ಡು ಆ್ಯಪಿನ ಒಳಗೇ ಬರಲಿ. ಹೊರಗಡೆ ಕೊಡ್ತೀನಿ, ಲಿಂಕ್ ಒತ್ತಿ, ಜಾಸ್ತಿ ಕಳಿಸಿಬಿಟ್ಟೆ ಮಿಕ್ಕಿದ್ದು ವಾಪಸ್ ಹಾಕಿ ಅನ್ನೋರೆಲ್ಲ ಕಳ್ಳರು, ಅವರಿಗೆ ಉತ್ತರಾನೇ ಕೊಡ್ಬೇಡಿ. ಪ್ಯಾಕ್ ಮಾಡೋವಾಗ ಬಟ್ಟೆ, ಲೇಬಲ್, ವಿಳಾಸ ಮೂರೂ ಬರೋ ಹಂಗೆ ಒಂದೇ ವಿಡಿಯೋ ತೆಗೆದಿಟ್ಕೊಳ್ಳಿ, ನೀವು ಕಳಿಸಿದ ರೇಷ್ಮೆ ಶರ್ಟಿಗೆ ಬದಲಾಗಿ ಇನ್ಯಾವುದೋ ಟೀ ಶರ್ಟ್ ವಾಪಸ್ ಬಂದಾಗ ಜಗಳ ಆಡೋಕೆ ಬೇಕಾಗುತ್ತೆ.

ಗೆಳತಿ ಅತ್ತೆ ಕೋಟು ಏನಾಯ್ತು ಅಂತ ಕೇಳ್ತೀರ, ಗೊತ್ತು. ಲೈನಿಂಗ್ ಹೊಲಿಸಿ, ಕಾಲರ್ ತೊಳೆದು, ಗುಂಡಿಗೆ ಕಪ್ಪು ದಾರ ಹಾಕಿ ಮಾರಿ ಅಂದೆ. ಹೊಲಿಸಿದ್ರು, ತೊಳೆದ್ರು, ಹಾಕ್ಕೊಂಡು ನೋಡಿದ್ರು, ಈಗ ಕೊಡಲ್ವಂತೆ. ಬದಲಿಗೆ ಒಂದು ಚೀಲ ತುಂಬ ಗಂಡನ ಪ್ಯಾಂಟು ತೆಗೆದಿಟ್ಟಿದಾರಂತೆ, ಎಷ್ಟಕ್ಕೆ ಹೋಗುತ್ತೆ ಕೇಳು ಅಂತ ಗೆಳತಿ ಹತ್ರ ಹೇಳಿ ಕಳಿಸಿದಾರೆ. ಅವರ ಗಂಡನಿಗೆ ಇನ್ನೂ ಹೇಳಿಲ್ಲವಂತೆ.