ಅಪ್‌ಡೇಟ್‌ಪ್ಯಾನೆಲ್ ಒಳಗೆ ಪೇಜ್‌ಮೆಥಡ್ಸ್ ಕರೆ: ಗ್ರಂಥಾಲಯ ಪುಟದ ರಿಪೇರಿ ಎಲ್ಲಿಗೆ ಬಂತು

ಪುಟ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನದು (ವೆಬ್ ಪುಟ ಕಟ್ಟುವ ಮೈಕ್ರೋಸಾಫ್ಟ್‌ನ ಚೌಕಟ್ಟು). ಪುಸ್ತಕಗಳ ಗ್ರಿಡ್‌ವ್ಯೂ (ಪಟ್ಟಿ ತೋರಿಸುವ ಕೋಷ್ಟಕ) ಅಪ್‌ಡೇಟ್‌ಪ್ಯಾನೆಲ್ ಒಳಗಿದೆ, ಅಂದರೆ ಪೂರ್ತಿ ಪುಟದ ಬದಲು ಆ ಭಾಗ ಮಾತ್ರ ರಿಫ್ರೆಶ್ ಆಗುತ್ತದೆ. ಪ್ರತಿ ಸಾಲಿನ 'ಲಭ್ಯವೇ?' ಬಟನ್ ಒತ್ತಿದರೆ ಪೇಜ್‌ಮೆಥಡ್ಸ್ (ಜಾವಾಸ್ಕ್ರಿಪ್ಟ್‌ನಿಂದ ಸರ್ವರ್‌ನ ಮೆಥಡ್ ಕರೆಯುವ ದಾರಿ) ಮೂಲಕ ಸರ್ವರ್‌ಗೆ ಕರೆ ಹೋಗಿ, ಉಳಿದ ಪ್ರತಿಗಳ ಸಂಖ್ಯೆ ಪಕ್ಕದ ಸೆಲ್‌ನಲ್ಲಿ ಮೂಡಬೇಕು. ಪುಟ ತೆರೆದಾಗ ಎಲ್ಲ ಸರಿ, ಗ್ರಿಡ್‌ನ 2ನೇ ಪುಟಕ್ಕೆ ಹೋದರೆ ಬಟನ್ ಒತ್ತಿದರೂ ಏನೂ ಆಗದು.

ಹಂತ 1: ಕರೆಯ ಬುನಾದಿ
ಪುಟದ ಸ್ಕ್ರಿಪ್ಟ್‌ಗಳನ್ನು ನಿಭಾಯಿಸುವ ಸ್ಕ್ರಿಪ್ಟ್‌ಮ್ಯಾನೇಜರ್‌ನಲ್ಲಿ ಎನೇಬಲ್‌ಪೇಜ್‌ಮೆಥಡ್ಸ್ ಟ್ರೂ ಇದೆ. ಮೆಥಡ್ ಪಬ್ಲಿಕ್, ಸ್ಟ್ಯಾಟಿಕ್, ಮೇಲೆ ವೆಬ್‌ಮೆಥಡ್ ಗುರುತೂ ಇದೆ. ಅದು ಪುಟದ್ದೇ ಕೋಡ್‌ನಲ್ಲಿ, ಸಾಮಾನ್ಯವಾಗಿ ಕೋಡ್‌ಬಿಹೈಂಡ್‌ನಲ್ಲಿ (ಪುಟದ ಸರ್ವರ್ ಕೋಡ್ ಇರುವ ಫೈಲ್), ಇರಬೇಕು. ಯೂಸರ್ ಕಂಟ್ರೋಲ್‌ನಲ್ಲಿ (ಹಲವು ಪುಟಗಳಲ್ಲಿ ಮರುಬಳಸುವ ತುಣುಕು) ಇಟ್ಟರೆ ಬ್ರೌಸರ್‌ಗೆ ಕಾಣುವುದಿಲ್ಲ. ಇಲ್ಲಿ ತಪ್ಪಿರಲಿಲ್ಲ.

ಹಂತ 2: ಕ್ಲಿಕ್ ಯಾಕೆ ಕೆಲಸ ಮಾಡದು
ಭಾಗಶಃ ರಿಫ್ರೆಶ್ ಆದಾಗ ಪ್ಯಾನೆಲ್‌ನ ಒಳಗಿನ ಎಚ್‌ಟಿಎಂಎಲ್ ಪೂರ್ತಿ ಹೊಸದಾಗುತ್ತದೆ. ಹಳೆಯ ಬಟನ್‌ಗಳಿಗೆ ಕಟ್ಟಿದ್ದ ಹ್ಯಾಂಡ್ಲರ್‌ಗಳು (ಕ್ಲಿಕ್ ಆದಾಗ ಓಡುವ ಫಂಕ್ಷನ್‌ಗಳು) ಅವುಗಳ ಜೊತೆಗೇ ಹೋಗುತ್ತವೆ. ಪೇಜ್‌ಲೋಡ್ ಫಂಕ್ಷನ್ ಪ್ರತಿ ರಿಫ್ರೆಶ್‌ಗೂ ಓಡುವುದರಿಂದ ಅಲ್ಲಿ ಮತ್ತೆ ಕಟ್ಟಬಹುದು, ಆದರೆ ಪ್ಯಾನೆಲ್ ಹೊರಗಿನ ಎಲಿಮೆಂಟ್‌ಗೂ ಅಲ್ಲೇ ಕಟ್ಟಿದರೆ ಹ್ಯಾಂಡ್ಲರ್‌ಗಳು ಒಂದರ ಮೇಲೊಂದು ಸೇರಿ ಒಂದು ಕ್ಲಿಕ್‌ಗೆ ಎರಡು, ಮೂರು ಕರೆ ಹೋಗುತ್ತವೆ. ಪ್ಯಾನೆಲ್ ಹೊರಗಿನ ಡಿವ್‌ಗೆ ಒಂದೇ ಒಂದು ಹ್ಯಾಂಡ್ಲರ್ ಹಾಕಿ, ಒಳಗೆ ಯಾವ ಬಟನ್ ಒತ್ತಿದ್ದೆಂದು ಕ್ಲೋಸೆಸ್ಟ್‌ನಿಂದ (ಕ್ಲಿಕ್ ಆದ ಎಲಿಮೆಂಟ್‌ನಿಂದ ಹೊರಮುಖವಾಗಿ ಹುಡುಕುವ ಜಾವಾಸ್ಕ್ರಿಪ್ಟ್ ಮೆಥಡ್) ಹುಡುಕುವುದೇ ಗಟ್ಟಿ ದಾರಿ. ಬಟನ್‌ನ ಟೈಪ್ 'ಬಟನ್' ಆಗಿರಲಿ. ಇಲ್ಲದಿದ್ದರೆ ಅದು ಫಾರ್ಮನ್ನೇ ಸಬ್ಮಿಟ್ ಮಾಡುತ್ತದೆ.

ಹಂತ 3: ಉತ್ತರ ಬಂದರೂ ಕಾಣದ ಸಂಖ್ಯೆ
ತಲೆ ತಿನ್ನುವ ದೋಷ ಇದೇ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ 200 (ಕರೆ ಯಶಸ್ವಿ ಎಂಬ ಸಂಕೇತ), ಉತ್ತರದಲ್ಲಿ 'ಡಿ' ಎಂಬ ಕೀಲಿಯೊಳಗೆ ಸರಿಯಾದ ಸಂಖ್ಯೆ, ಕನ್ಸೋಲ್ ಖಾಲಿ, ಸೆಲ್ ಕೂಡ ಖಾಲಿ. ಕರೆ ಹೊರಟು ಉತ್ತರ ಬರುವಷ್ಟರಲ್ಲಿ ಗ್ರಿಡ್ ರಿಫ್ರೆಶ್ ಆಗಿರುತ್ತದೆ. ಕಾಲ್‌ಬ್ಯಾಕ್ (ಉತ್ತರ ಬಂದಾಗ ಓಡುವ ಫಂಕ್ಷನ್) ಮೊದಲೇ ಹಿಡಿದಿಟ್ಟುಕೊಂಡ ಹಳೆಯ ಸೆಲ್‌ಗೆ ಬರೆಯುತ್ತದೆ. ಆ ಸೆಲ್ ಪುಟದಲ್ಲಿದೆಯೇ ಎಂದು ತಿಳಿಸುವ ಈಸ್‌ಕನೆಕ್ಟೆಡ್ ಕೇಳಿದರೆ ಫಾಲ್ಸ್. ಬರೆದದ್ದು ನಿಜ, ಆದರೆ ಆ ಸೆಲ್ ಪುಟದಲ್ಲೇ ಇಲ್ಲ. ಭಾಗಶಃ ರಿಫ್ರೆಶ್ ನಡೆಸುವ ಪೇಜ್‌ರಿಕ್ವೆಸ್ಟ್‌ಮ್ಯಾನೇಜರ್ ಹೊಸ ಪೋಸ್ಟ್‌ಬ್ಯಾಕ್ (ಪುಟ ಸರ್ವರ್‌ಗೆ ಮರಳಿ ಕಳಿಸುವ ಕೋರಿಕೆ) ಬಂದಾಗ ಹಳೆಯ ಪೋಸ್ಟ್‌ಬ್ಯಾಕನ್ನು ರದ್ದು ಮಾಡುತ್ತದೆ. ಪೇಜ್‌ಮೆಥಡ್ಸ್ ಕರೆಗಳು ಅದರ ಹಿಡಿತದಲ್ಲಿಲ್ಲ. ಆದ್ದರಿಂದ ಕರೆಯ ಜೊತೆ ಪುಸ್ತಕದ ಐಡಿ ಮಾತ್ರ ಕಳಿಸಿ, ಉತ್ತರ ಬಂದ ಮೇಲೆ ಆ ಐಡಿಯ ಸೆಲ್ಲನ್ನು ಹೊಸದಾಗಿ ಹುಡುಕಿ, ಸಿಗದಿದ್ದರೆ ಸುಮ್ಮನೆ ಬಿಡುವಂತೆ ಬದಲಾಯಿಸಿದೆ.

ಸೆಷನ್ (ಬಳಕೆದಾರರೊಬ್ಬರ ಮಾಹಿತಿ ಸರ್ವರ್‌ನಲ್ಲಿ ಉಳಿಸುವ ಜಾಗ) ಬೇಕೆಂದು ವೆಬ್‌ಮೆಥಡ್‌ನಲ್ಲಿ ಎನೇಬಲ್‌ಸೆಷನ್ ಹಾಕಿದರೆ ಒಂದೇ ಸೆಷನ್‌ನ ಕೋರಿಕೆಗಳು ಸಾಲಾಗಿ ಕಾಯುತ್ತವೆ, ಕರೆಗೂ ಉತ್ತರಕ್ಕೂ ನಡುವಿನ ಅಂತರ ಇನ್ನೂ ಹಿಗ್ಗುತ್ತದೆ. ಇಲ್ಲಿ ಎನೇಬಲ್‌ಸೆಷನ್ ತೆಗೆದುಹಾಕಿದ್ದೇನೆ.

ಬಾಕಿ ಉಳಿದದ್ದು
ಪೇಜ್‌ಮೆಥಡ್ಸ್ ಕರೆಯಲ್ಲಿ ವ್ಯೂಸ್ಟೇಟ್ (ಪುಟದ ಸ್ಥಿತಿಯನ್ನು ಹೊತ್ತ ಮಾಹಿತಿ) ಹೋಗುವುದಿಲ್ಲ. ಹಾಗಾಗಿ ಸೆಲ್‌ಗೆ ಬರೆದ ಸಂಖ್ಯೆ ಮುಂದಿನ ರಿಫ್ರೆಶ್‌ನಲ್ಲಿ ಅಳಿಸಿಹೋಗುತ್ತದೆ. ಪ್ಯಾನೆಲ್ ಹೊರಗೆ ಒಂದು ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ನಲ್ಲಿ ಸಂಖ್ಯೆಗಳನ್ನಿಟ್ಟು, ಎಂಡ್‌ರಿಕ್ವೆಸ್ಟ್ (ಭಾಗಶಃ ರಿಫ್ರೆಶ್ ಮುಗಿದ ಸೂಚನೆ) ಆದಾಗ ಮತ್ತೆ ತುಂಬುವ ಕೋಡ್ ಬರೆಯಬೇಕಿದೆ.