ಬಿಸಿಲಿನ ದಿಕ್ಕು ಹಿಡಿದು ಹೊರಟ ಪ್ರವಾಸ: ಸಮರ್‌ಖಂಡ್, ಬುಖಾರಾ, ಖೀವಾ

ದಸರಾ ರಜೆಗೆ ಇನ್ನಷ್ಟು ದಿನ ಸೇರಿಸಿಕೊಂಡು ಉಜ್ಬೇಕಿಸ್ತಾನದ ಹಳೆಯ ಪಟ್ಟಣಗಳನ್ನು ನಿಧಾನವಾಗಿ ನೋಡಿ ಬರಬೇಕೆಂದು ನಾವು ಗಂಡ ಹೆಂಡತಿ ನಿರ್ಧರಿಸಿದಾಗ, ರೈಲು, ಹೋಟೆಲುಗಳನ್ನು ಹುಡುಕುವ ಮೊದಲೇ ಯಾವ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡೆವು. ಚಿತ್ರ ತೆಗೆಯುವ ಆಸೆಯಿಂದ ಹೊರಡುವವರಿಗೆ ಪಟ್ಟಣದಿಂದ ಪಟ್ಟಣಕ್ಕೆ ಎಷ್ಟು ಕಿಲೋಮೀಟರು ಎಂಬ ಲೆಕ್ಕಕ್ಕಿಂತ ಈ ದಿಕ್ಕಿನ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಊರಿನಲ್ಲಿ ಎಷ್ಟು ರಾತ್ರಿ ತಂಗಬೇಕು, ಯಾವ ಹೊತ್ತಿನ ರೈಲು ಹಿಡಿಯಬೇಕು ಎಂಬ ಪ್ರಶ್ನೆಗಳಿಗೂ ಅದರಿಂದಲೇ ಉತ್ತರ ಸಿಗುತ್ತದೆ.

ಸಮರ್‌ಖಂಡದ ರೇಗಿಸ್ತಾನ್ ಚೌಕವನ್ನೇ ತೆಗೆದುಕೊಳ್ಳಿ. ಅಲ್ಲಿ ಮೂರು ಮದರಸಾಗಳು ಮೂರು ಬದಿಯಲ್ಲಿ ನಿಂತಿವೆ. ಪಶ್ಚಿಮದಲ್ಲಿರುವುದು 1417ರಿಂದ 1420ರ ಅವಧಿಯಲ್ಲಿ ಕಟ್ಟಿದ ಉಲುಗ್ ಬೇಗನ ಮದರಸಾ. ಅದರ ಮುಖ ಪೂರ್ವಕ್ಕೆ. ಅದರೆದುರು ಪೂರ್ವದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿರುವುದು 1636ರಲ್ಲಿ ಮುಗಿದ ಶೇರ್‌ದಾರ್ ಮದರಸಾ. ಉತ್ತರದಲ್ಲಿ ದಕ್ಷಿಣಕ್ಕೆ ಮುಖ ಮಾಡಿರುವ ತಿಲ್ಲಾಕಾರಿ 1660ರ ಹೊತ್ತಿಗೆ ಮುಗಿಯಿತು. ಹೀಗಿರುವಾಗ ಬೆಳಗ್ಗೆ ಹತ್ತಕ್ಕೆ ಬಂದು ಹನ್ನೊಂದಕ್ಕೆ ಹೊರಡುವ ಪ್ರವಾಸಿಗೆ ಶೇರ್‌ದಾರ್ ತನ್ನದೇ ನೆರಳಿನಲ್ಲಿ ಮಂಕಾಗಿಯೇ ಕಾಣಬೇಕು, ಸಂಜೆ ಮಾತ್ರ ಬಂದು ಹೋಗುವವನಿಗೆ ಉಲುಗ್ ಬೇಗನದು ಕಪ್ಪಾಗಿ ಕಾಣಬೇಕು. ಒಂದು ಬೆಳಗು, ಒಂದು ಸಂಜೆ ಎರಡೂ ಬೇಕು; ಅಂದರೆ ಕನಿಷ್ಠ ಒಂದು ರಾತ್ರಿ, ಮೋಡದ ಭಯಕ್ಕೆ ಇನ್ನೊಂದು. ಪ್ರವಾಸದ ಪಟ್ಟಿಯಲ್ಲಿ ಸಮರ್‌ಖಂಡಕ್ಕೆ ನಾವು ಧಾರಾಳವಾಗಿ ದಿನಗಳನ್ನು ಕೊಟ್ಟಿದ್ದರ ಕಾರಣ ಇದೇ.

ಅಕ್ಟೋಬರ್ ಆರಿಸಿಕೊಂಡದ್ದೂ ಬೆಳಕಿಗಾಗಿಯೇ. ಬೆಂಗಳೂರಿನಲ್ಲಿ ಆ ತಿಂಗಳ ಮಧ್ಯಾಹ್ನದ ಸೂರ್ಯ ಇನ್ನೂ ನೆತ್ತಿಯ ಹತ್ತಿರವೇ ಇರುತ್ತಾನೆ. 39 ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿರುವ ಸಮರ್‌ಖಂಡದಲ್ಲಿ ಅವನು ನಡುಹಗಲಿನಲ್ಲೂ ದಿಗಂತದಿಂದ ಸುಮಾರು 42 ಡಿಗ್ರಿ ಮಾತ್ರ ಮೇಲೇರುತ್ತಾನೆ. ಹಾಗಾಗಿ ಗೋಡೆಯ ಕೆತ್ತನೆಗಳಿಗೆ ಇಡೀ ದಿನ ಸ್ವಲ್ಪವಾದರೂ ಓರೆ ಬಿಸಿಲು ಸಿಗುತ್ತದೆ. ಬೇಸಿಗೆಯ ಸುಡುವ ಸೆಕೆಯೂ ಆಗ ಇರುವುದಿಲ್ಲ.

ಹೊರಡುವ ಮುಂಚೆ ಬೀದರಿಗೆ ಹೋಗಿ ಬಂದದ್ದು ಈ ತಯಾರಿಯ ಅತ್ಯಂತ ಫಲಕಾರಿಯಾದ ಭಾಗ. ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ತೈಮೂರನ ವಂಶದವರು ಮಧ್ಯ ಏಷ್ಯಾದಲ್ಲಿ ಕಟ್ಟಿಸಿದ ಮದರಸಾಗಳ ಮಾದರಿಯದೇ. ಔರಂಗಜೇಬನ ಕಾಲದ ಸ್ಫೋಟದಲ್ಲಿ ಅದರ ಒಂದು ಭಾಗ ಕುಸಿದರೂ, ಉಳಿದ ಒಂದು ಮಿನಾರಿನ ಮೇಲೂ ಪೂರ್ವದ ಗೋಡೆಯ ಮೇಲೂ ನೀಲಿ, ಹಸಿರು, ಬಿಳಿ ಟೈಲುಗಳು ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ. ಮೆರುಗಿನ ಟೈಲಿನ ಚಿತ್ರ ತೆಗೆಯುವುದು ಕಲ್ಲಿನ ಚಿತ್ರ ತೆಗೆದಷ್ಟು ಸುಲಭವಲ್ಲ ಎಂಬುದು ಆ ಗೋಡೆಯ ಮುಂದೆ ನಿಂತಾಗ ಸ್ಪಷ್ಟವಾಯಿತು. ನೇರ ಬಿಸಿಲಿನಲ್ಲಿ ಟೈಲು ಆಕಾಶವನ್ನೇ ಪ್ರತಿಫಲಿಸಿ ಬಿಳಿಚಿಕೊಳ್ಳುತ್ತದೆ. ಪೋಲರೈಸರ್ ಫಿಲ್ಟರನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಹೊಳಪು ಕರಗಿ ಒಳಗಿನ ನೀಲಿ ಮೇಲೆದ್ದು ಬರುತ್ತದೆ. ಆದರೆ ಅದೇ ಫಿಲ್ಟರನ್ನು ಅಗಲ ನೋಟದ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಮೂಲೆ ಕಡುಗಪ್ಪಾಗಿ, ಇನ್ನೊಂದು ಮೂಲೆ ತೆಳುವಾಗಿ ಚಿತ್ರ ಕೆಡುತ್ತದೆ. ಹಾಗಾಗಿ ಟೈಲಿನ ವಿವರಗಳಿಗೆ ಉದ್ದ ಲೆನ್ಸು ಮತ್ತು ಫಿಲ್ಟರ್, ಇಡೀ ಕಟ್ಟಡಕ್ಕೆ ಫಿಲ್ಟರ್ ಇಲ್ಲದ ಅಗಲ ಲೆನ್ಸು ಎಂದು ಬೀದರಿನಲ್ಲೇ ತೀರ್ಮಾನವಾಯಿತು. ನೆರಳಿನಲ್ಲಿರುವ ನೀಲಿ ಟೈಲು ಇನ್ನಷ್ಟು ನೀಲಿಯಾಗಿ ಮೂಡುವುದರಿಂದ ಬಣ್ಣದ ಹೊಂದಾಣಿಕೆಯನ್ನು ಕ್ಯಾಮೆರಾಕ್ಕೆ ಬಿಡದೆ ಹಗಲು ಬೆಳಕಿಗೆ ಕಟ್ಟಿಹಾಕಿ, ಎಲ್ಲವನ್ನೂ ಕ್ಯಾಮೆರಾ ತಾನಾಗಿ ತಿದ್ದದೆ ಉಳಿಸುವ ರಾ (RAW) ಕಡತಗಳಲ್ಲೇ ತೆಗೆಯುವುದೆಂದೂ ಗೊತ್ತುಮಾಡಿಕೊಂಡೆ.

ಇನ್ನೊಂದು ತಯಾರಿ ಹಳೆಯ ಚಿತ್ರಗಳನ್ನು ನೋಡುವುದು. ರಷ್ಯಾದ ಪ್ರೊಕುದಿನ್ ಗೋರ್ಸ್ಕಿ 20ನೇ ಶತಮಾನದ ಆರಂಭದಲ್ಲಿ, ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಮೂರು ಪ್ರತ್ಯೇಕ ಚಿತ್ರಗಳನ್ನು ಗಾಜಿನ ಫಲಕದ ಮೇಲೆ ತೆಗೆದು ಬಣ್ಣ ಮೂಡಿಸುತ್ತಿದ್ದರು. ಸಮರ್‌ಖಂಡ್ ಮತ್ತು ಬುಖಾರಾಗಳನ್ನು ಅವರು ಹಾಗೆ ಸೆರೆಹಿಡಿದ ಫಲಕಗಳು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ, ಯಾರು ಬೇಕಾದರೂ ನೋಡಬಹುದು. ಅವುಗಳಲ್ಲಿ ಕಾಣುವ ಬೀಬಿ ಖಾನುಮ್ ಮಸೀದಿ ಒಂದು ಭವ್ಯವಾದ ಪಾಳು. ದೆಹಲಿಯನ್ನು ಸೂರೆಗೈದು ಹಿಂದಿರುಗಿದ ತೈಮೂರ್ 1399ರಲ್ಲಿ ಆರಂಭಿಸಿದ ಆ ಮಸೀದಿ 1897ರ ಭೂಕಂಪದಲ್ಲಿ ಇನ್ನಷ್ಟು ಕುಸಿದಿತ್ತು. ಇಂದು ಕಣ್ಣಿಗೆ ಬೀಳುವ ನುಣುಪಾದ ನೀಲಿ ಗುಮ್ಮಟ ಸೋವಿಯತ್ ಕಾಲದಿಂದೀಚಿನ ಪುನರ್ನಿರ್ಮಾಣ. ಇದನ್ನು ತಿಳಿದುಕೊಂಡು ಹೋದವರು ಹೊಸದನ್ನೇ ಹಳೆಯದೆಂದು ಚಿತ್ರಿಸಿಕೊಂಡು ಬರುವುದಿಲ್ಲ. ಜೀರ್ಣೋದ್ಧಾರವನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಆದರೆ ಹೊಸ ಟೈಲಿನ ಪಕ್ಕದಲ್ಲಿ ಉಳಿದಿರುವ ಹಳೆಯ ಟೈಲನ್ನು ಹುಡುಕಿ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ತೆಗೆದ ಚಿತ್ರಕ್ಕೆ ಇಡೀ ಗುಮ್ಮಟದ ಚಿತ್ರಕ್ಕಿಲ್ಲದ ಸತ್ಯವಿರುತ್ತದೆ.

ಚೀಲದಲ್ಲಿ ಎರಡು ಲೆನ್ಸು, ಫಿಲ್ಟರ್, ಹೆಚ್ಚಿನ ಬ್ಯಾಟರಿ, ಸಣ್ಣ ಟ್ರೈಪಾಡ್, ಎರಡು ಪ್ರತಿ ಇಟ್ಟುಕೊಳ್ಳಲು ಎರಡು ಡಿಸ್ಕ್ ಇದ್ದವು. ಅನುಮತಿಯಿಲ್ಲದ ಡ್ರೋನಿಗೆ ಆ ದೇಶದಲ್ಲಿ ಅವಕಾಶವಿಲ್ಲವಾದ್ದರಿಂದ ಅದರ ಯೋಚನೆಯನ್ನೇ ಮಾಡಲಿಲ್ಲ. ನಮ್ಮ ಎರಡು ದುಂಡು ಕಡ್ಡಿಯ ಪ್ಲಗ್ ಅಲ್ಲಿ ಹಿಡಿಸುತ್ತದೆ, ಮೂರು ಕಡ್ಡಿಯದು ಹಿಡಿಸುವುದಿಲ್ಲ.

ಸಮರ್‌ಖಂಡದಲ್ಲಿ ಅಕ್ಟೋಬರಿನ ಆ ದಿನಗಳಲ್ಲಿ ಸೂರ್ಯೋದಯ ಆರೂಮುಕ್ಕಾಲರ ಆಸುಪಾಸಿನಲ್ಲಿ. ಚೌಕದ ದಕ್ಷಿಣಕ್ಕಿರುವ ಎತ್ತರದ ಕಟ್ಟೆಗೆ ಟಿಕೆಟ್ ಬೇಕಿಲ್ಲ, ಮೂರೂ ಮದರಸಾಗಳು ಅಲ್ಲಿಂದ ಒಟ್ಟಿಗೆ ಕಾಣುತ್ತವೆ. ಹಿಂದಕ್ಕೆ ಸರಿಯಲು ಜಾಗವಿರುವುದರಿಂದ ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸದೆ ಮಟ್ಟವಾಗಿಯೇ ಹಿಡಿಯಬಹುದು. ಮಿನಾರುಗಳು ಒಂದರ ಕಡೆಗೊಂದು ವಾಲಿದಂತೆ ಕಾಣುವ ತೊಂದರೆ ತಪ್ಪುತ್ತದೆ. ಬಿಸಿಲು ಮೊದಲು ಮುಟ್ಟಿದ್ದು ಉಲುಗ್ ಬೇಗನ ಮದರಸಾದ ಮಿನಾರಿನ ತುದಿಯನ್ನು. ಎದುರಿನ ಶೇರ್‌ದಾರಿನ ನೆರಳು ಅದರ ಮೈಮೇಲೆ ಬಿದ್ದಿರುವುದರಿಂದ ಬೆಳಕು ಕಮಾನಿನ ನೆತ್ತಿಯಿಂದ ಸಾಲುಸಾಲಾಗಿ ಕೆಳಗಿಳಿಯುತ್ತದೆ. ಮಹಾದ್ವಾರದ ನಕ್ಷತ್ರಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಬುಡದವರೆಗೆ ಬಿಸಿಲು ಬರಲು ಬಹಳ ಹೊತ್ತು ಬೇಕು. ಸೂರ್ಯ ಹುಟ್ಟಿದ ಕೂಡಲೇ ಚಿತ್ರ ತೆಗೆದು ಹೊರಡುವುದಕ್ಕಿಂತ ಅಲ್ಲೇ ಕಾದು ಕುಳಿತುಕೊಳ್ಳುವುದು ಲೇಸು. ಸಂಜೆ ಇದೇ ಆಟ ತಿರುವುಮುರುವಾಗುತ್ತದೆ. ನೆರಳು ಶೇರ್‌ದಾರಿನ ಬುಡದಿಂದ ಮೇಲೇರುತ್ತ, ಕಮಾನಿನ ಎರಡು ಭುಜಗಳ ಮೇಲೆ ಜಿಂಕೆಯನ್ನಟ್ಟುವ ಹುಲಿಗಳೂ ಅವುಗಳ ಬೆನ್ನ ಮೇಲಿನ ಮನುಷ್ಯಮುಖದ ಸೂರ್ಯರೂ ಕೊನೆಗೆ ಉಳಿದ ಹೊಂಬಿಸಿಲಿನಲ್ಲಿರುತ್ತಾರೆ. ಉದ್ದ ಲೆನ್ಸು ಹೊತ್ತದ್ದು ಸಾರ್ಥಕವಾಗುವುದು ಆ ಕೆಲವು ನಿಮಿಷಗಳಲ್ಲಿ.

ನಡುಹಗಲನ್ನು ನಾವು ಶಾಹಿ ಜಿಂದಾಕ್ಕೆ ಮೀಸಲಿಟ್ಟಿದ್ದೆವು. ದಕ್ಷಿಣದಿಂದ ಉತ್ತರಕ್ಕೆ ಏರುವ ಕಿರಿದಾದ ಓಣಿಯ ಎರಡೂ ಕಡೆ ಸಮಾಧಿಗಳು ಒತ್ತಾಗಿ ನಿಂತಿರುವುದರಿಂದ ಬೆಳಗು ಸಂಜೆ ಅಲ್ಲಿ ಬಿಸಿಲೇ ಇಳಿಯುವುದಿಲ್ಲ. ಬೇರೆಡೆ ಛಾಯಾಗ್ರಾಹಕರು ದೂರವಿಡುವ ಹೊತ್ತೇ ಇಲ್ಲಿ ಯೋಗ್ಯವಾದ ಹೊತ್ತು. ತೈಮೂರನ ಅಕ್ಕ ತನ್ನ ಮಗಳಿಗಾಗಿ ಕಟ್ಟಿಸಿದ 1372ರ ಶಾದಿ ಮುಲ್ಕ್ ಆಗಾಳ ಸಮಾಧಿಯ ಮುಂದೆ ನಾನು ಬಹಳ ಹೊತ್ತು ಕಳೆದೆ. ಅಲ್ಲಿನ ಟೈಲುಗಳು ಚಪ್ಪಟೆಯಾದವಲ್ಲ. ಮಣ್ಣನ್ನು ಆಳವಾಗಿ ಕೊರೆದು, ಆಮೇಲೆ ಮೆರುಗು ಹಾಕಿ ಸುಟ್ಟವು. ಬಳ್ಳಿಯ ಒಂದೊಂದು ಎಲೆಯ ಅಂಚಿನಲ್ಲೂ ನೆರಳಿನ ತೆಳುಗೆರೆಯೊಂದು ಕುಳಿತಿರುತ್ತದೆ. ನೇರವಾಗಿ ಫ್ಲ್ಯಾಶ್ ಹಾಕಿದರೆ ಆ ಗೆರೆ ಅಳಿಸಿಹೋಗಿ ಕೆಲಸವೆಲ್ಲ ಅಚ್ಚು ಹಾಕಿದ ಕಾಗದದಂತಾಗುತ್ತದೆ. ಶಾಹಿ ಜಿಂದಾ ಇಂದಿಗೂ ಜನ ಪ್ರಾರ್ಥನೆಗೆ ಬರುವ ಯಾತ್ರಾಸ್ಥಳ. ಕೈಯೆತ್ತಿ ಬೇಡಿಕೊಳ್ಳುತ್ತಿರುವವರತ್ತ ಲೆನ್ಸು ತಿರುಗಿಸಬಾರದು, ಎಷ್ಟೇ ಒಳ್ಳೆಯ ಬೆಳಕಿರಲಿ. ಅದೇ ಊರಿನ ಸಿಯಾಬ್ ಬಜಾರಿನಲ್ಲಿ ದುಂಡು ರೊಟ್ಟಿ ಮಾರುವ ಹೆಂಗಸರು ಕೇಳಿದಾಗ ಸಂತೋಷದಿಂದ ಒಪ್ಪಿದರು, ರೊಟ್ಟಿಯ ನಡುವೆ ಒತ್ತಿದ ಹೂವಿನ ಅಚ್ಚು ಕಾಣುವಂತೆ ತಿರುಗಿಸಿ ಹಿಡಿದೂ ಕೊಟ್ಟರು.

ಅಲ್ಲಿಂದ ಬುಖಾರಾಕ್ಕೆ ಅಫ್ರೋಸಿಯಾಬ್ ಎಂಬ ವೇಗದ ರೈಲಿದೆ. ಮಧ್ಯಾಹ್ನದ ಗಾಡಿ ಹಿಡಿದರೆ ಎರಡೂ ಊರಿನ ಒಳ್ಳೆಯ ಬೆಳಕು ಕೈತಪ್ಪುವುದಿಲ್ಲ. ಬುಖಾರಾದಲ್ಲಿ ನೀಲಿ ಕಡಿಮೆ, ಇಟ್ಟಿಗೆಯ ಬಣ್ಣ ಹೆಚ್ಚು. ಪೋಯಿ ಕಲಾನ್ ಚೌಕದಲ್ಲಿ ಕಲಾನ್ ಮಸೀದಿ ಪೂರ್ವಕ್ಕೂ ಮೀರ್ ಅರಬ್ ಮದರಸಾ ಪಶ್ಚಿಮಕ್ಕೂ ಮುಖ ಮಾಡಿರುವುದರಿಂದ ಸಮರ್‌ಖಂಡದ ಲೆಕ್ಕವೇ ಇಲ್ಲಿಗೂ ಹೊಂದುತ್ತದೆ. 1127ರಲ್ಲಿ ಕಟ್ಟಿದ, ಸುಮಾರು 46 ಮೀಟರ್ ಎತ್ತರದ ಕಲಾನ್ ಮಿನಾರು ಮಾತ್ರ ದುಂಡಗಿರುವುದರಿಂದ ಯಾವ ಹೊತ್ತಿನಲ್ಲೂ ಅದರ ಒಂದು ಬದಿಗೆ ಬಿಸಿಲಿರುತ್ತದೆ. ಅದಕ್ಕಿಂತಲೂ ಹಿಂದಿನದಾದ ಸಾಮಾನಿ ವಂಶದ ದೊರೆಗಳ ಸಮಾಧಿ ನನ್ನ ಮಟ್ಟಿಗೆ ಇಡೀ ಪ್ರವಾಸದ ಶಿಖರ. ಯಾವ ಬಣ್ಣದ ಹಂಗೂ ಇಲ್ಲದೆ ಸುಟ್ಟ ಇಟ್ಟಿಗೆಯನ್ನು ಅಡ್ಡ, ಉದ್ದ, ಓರೆಯಾಗಿ ಇಟ್ಟು ಬುಟ್ಟಿ ಹೆಣೆದಂತೆ ಗೋಡೆ ಎಬ್ಬಿಸಿದ್ದಾರೆ. ನಾಲ್ಕೂ ಮುಖಗಳು ಒಂದೇ ಬಗೆಯವಾದ್ದರಿಂದ ಬಿಸಿಲಿರುವ ಗೋಡೆಗೂ ನೆರಳಿರುವ ಗೋಡೆಗೂ ಇರುವ ವ್ಯತ್ಯಾಸವನ್ನೇ ಚಿತ್ರದ ವಸ್ತುವಾಗಿಸಬಹುದು.

ಖೀವಾ ಇನ್ನೂ ಪಶ್ಚಿಮದಲ್ಲಿದೆ. ಗಡಿಯಾರ ಅದೇ ಆದರೂ ಸೂರ್ಯ ಸಮರ್‌ಖಂಡಕ್ಕಿಂತ ಅರ್ಧ ಗಂಟೆಯಷ್ಟು ತಡವಾಗಿ ಹುಟ್ಟುತ್ತಾನೆ. ಮಣ್ಣಿನ ಕೋಟೆಗೋಡೆಯ ಒಳಗಿನ ಹಳೆಯ ಊರಾದ ಇಚಾನ್ ಕಲಾ 1990ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕೋಟೆಯ ಪಶ್ಚಿಮದಂಚಿನ ಕುನ್ಯಾ ಆರ್ಕ್ ಅರಮನೆಯ ಬುರುಜನ್ನು ಸಂಜೆ ಏರಿದರೆ ಸೂರ್ಯ ಬೆನ್ನ ಹಿಂದಿರುತ್ತಾನೆ. 1855ರಲ್ಲಿ ಖಾನನ ಸಾವಿನೊಂದಿಗೆ ಅರ್ಧಕ್ಕೇ ನಿಂತ ದಪ್ಪನೆಯ ಕಲ್ತಾ ಮಿನಾರೂ, 1910ರಲ್ಲಿ ಮುಗಿದ ತೆಳ್ಳನೆಯ ಇಸ್ಲಾಂ ಖೋಜಾ ಮಿನಾರೂ ಬಿಸಿಲಿಗೆ ಮುಖ ಕೊಟ್ಟು ನಿಂತಿರುತ್ತವೆ. ಜುಮಾ ಮಸೀದಿಯ ಒಳಗೆ ಇನ್ನೂರಕ್ಕೂ ಮಿಕ್ಕಿದ ಮರದ ಕಂಬಗಳಿಗೆ ಸೂರಿನ ಕಿಂಡಿಗಳಿಂದಷ್ಟೇ ಬೆಳಕು. ಟ್ರೈಪಾಡಿಗೆ ಒಪ್ಪದಿದ್ದರೆ ಕಂಬಕ್ಕೆ ತಾಗದಂತೆ ನೆಲದ ಮೇಲೆ ಕುಳಿತು ಮೊಣಕಾಲಿನ ಆಸರೆಯಲ್ಲಿ ಕ್ಯಾಮೆರಾ ಹಿಡಿಯಬಹುದು. ಈ ಊರಿನಲ್ಲೇ ಹುಟ್ಟಿದ ಖುದಾಯ್‌ಬೆರ್ಗನ್ ದೇವಾನೋವ್, ಅಲ್ಲಿ ನೆಲೆಸಿದ್ದ, ಮೆನೊನೈಟ್ ಎಂಬ ಕ್ರೈಸ್ತ ಪಂಥದ ಜರ್ಮನ್ ವಿಲ್‌ಹೆಲ್ಮ್ ಪೆನ್ನರನಿಂದ ಕ್ಯಾಮೆರಾ ವಿದ್ಯೆ ಕಲಿತು ಉಜ್ಬೇಕರ ಮೊದಲ ಛಾಯಾಗ್ರಾಹಕನೆನಿಸಿದರು, ಸ್ಟಾಲಿನ್ ಕಾಲದ ದಮನದಲ್ಲಿ ಪ್ರಾಣ ಕಳೆದುಕೊಂಡರು. ಖೀವಾದ ಚಿತ್ರ ತೆಗೆಯಲು ಹೋಗುವ ಯಾರೇ ಆಗಲಿ ಮೊದಲು ಅವರ ಚಿತ್ರಗಳನ್ನು ನೋಡಬೇಕು. ಹೊರಗಿನಿಂದ ಬಂದವರು ಗುಮ್ಮಟಗಳನ್ನು ನೋಡಿದ ಊರಿನಲ್ಲಿ ಅವರು ತಮ್ಮ ಜನರ ಮುಖಗಳನ್ನು ನೋಡಿದ್ದರು.

ತಾಷ್ಕೆಂಟನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆವು. ವಿಮಾನದ ವೇಳೆ ನಮ್ಮ ಕೈಯಲ್ಲಿರುವುದಿಲ್ಲ, ಅಂದು ಮೋಡವಿದ್ದರೆ ಕಾಯಲು ಇನ್ನೊಂದು ದಿನವೂ ಇರುವುದಿಲ್ಲ. ಅದಕ್ಕೆ ಬಿಸಿಲಿನ ಹಂಗಿಲ್ಲದ ಜಾಗವೇ ಸರಿ. 1977ರಲ್ಲಿ ಆರಂಭವಾದ ಅಲ್ಲಿನ ಮೆಟ್ರೊ, ಯುದ್ಧಕಾಲದ ಆಶ್ರಯತಾಣವೂ ಆಗಿದ್ದ ಕಾರಣ 2018ರವರೆಗೆ ಛಾಯಾಗ್ರಹಣಕ್ಕೆ ಮುಚ್ಚಿತ್ತು. ಈಗ ಕಾಸ್ಮೊನಾವ್ತ್‌ಲಾರ್ ನಿಲ್ದಾಣದ ನೀಲಿ ಗೋಡೆಯ ಗಗನಯಾತ್ರಿಗಳನ್ನೂ ಅಲಿಶೇರ್ ನವೊಯಿ ನಿಲ್ದಾಣದ ಗುಮ್ಮಟದ ಸಾಲುಗಳನ್ನೂ ದಿನದ ಯಾವ ಹೊತ್ತಿನಲ್ಲಾದರೂ ತೆಗೆಯಬಹುದು. ಒಂದು ರೈಲು ಹೋಗಿ ಇನ್ನೊಂದು ಬರುವ ನಡುವೆ ಪ್ಲಾಟ್‌ಫಾರ್ಮ್ ಸ್ವಲ್ಪ ಹೊತ್ತು ಖಾಲಿಯಾಗುತ್ತದೆ. ಅಷ್ಟರೊಳಗೆ ಕಂಬಗಳ ನಡುವಿನ ಗೆರೆಯಲ್ಲಿ ನಿಂತು ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದಿರಬೇಕು.